ರಫೀಕ್ ಮೇಷ್ಟ್ರ ಮೇಲೆ ಬಂದ ದೂರು

ಕೋವಿಡ್ ಮುಗಿದು ನ್ಯೂಜಿಲೆಂಡಿನ ಗಡಿಗಳು ಮತ್ತೆ ತೆರೆದ ಮೇಲಿನ ಮೊದಲ ಬೇಸಿಗೆ. ಆಕ್ಲೆಂಡಿನ ಒಂದು ಬಾಲಕರ ಗ್ರಾಮರ್ ಸ್ಕೂಲಿನಲ್ಲಿ ನಾನು ವಿಜ್ಞಾನ ವಿಭಾಗದ ಮುಖ್ಯಸ್ಥೆಯಾಗಿದ್ದೆ. ಹೆಸರಿಗೆ ಗ್ರಾಮರ್, ಇರುವುದು ಹಳೆಯ ಶಿಸ್ತಿನ ಸರ್ಕಾರಿ ಹೈಸ್ಕೂಲು. ಅದರ ಝೋನ್‌ನೊಳಗೆ, ಅಂದರೆ ಪ್ರವೇಶ ಸಿಗುವ ಸರಹದ್ದಿನೊಳಗೆ, ಮನೆ ಮಾಡಲು ಜನ ಪಡಬಾರದ ಪಾಡು ಪಡುತ್ತಾರೆ.

ಆ ವರ್ಷ ಫಿಸಿಕ್ಸ್ ಕಲಿಸುವವರೇ ಸಿಗಲಿಲ್ಲ. ಜಾಹೀರಾತಿನ ಮೇಲೆ ಜಾಹೀರಾತು ಕೊಟ್ಟ ಮೇಲೆ ಸಿಕ್ಕವರು ರಫೀಕ್ ಮುಲ್ಲಾ. ಮುಂಡರಗಿಯವರು, ಗದಗಿನ ಪಿಯು ಕಾಲೇಜಿನಲ್ಲಿ ಬಹಳ ವರ್ಷ ಪಾಠ ಹೇಳಿದವರು. ಹೆಂಡತಿ, ಇಬ್ಬರು ಹೆಣ್ಣುಮಕ್ಕಳೊಂದಿಗೆ ಊರಂಚಿನ ತಕಾನಿನಿಯಲ್ಲಿ ಬಾಡಿಗೆ ಮನೆ ಹಿಡಿದಿದ್ದರು. ಹೊಸ ಶಿಕ್ಷಕರನ್ನು ಬರಮಾಡಿಕೊಳ್ಳುವುದು, ಮೊದಲ ವರ್ಷ ಅವರ ಬೆನ್ನಿಗೆ ನಿಲ್ಲುವುದು, ಎರಡೂ ನನ್ನ ಪಾಲಿನ ಕೆಲಸಗಳು.

ಸ್ವಾಗತಕ್ಕೇನೂ ಕಡಿಮೆಯಿರಲಿಲ್ಲ. ಪೋಫಿರಿ ಎಂಬ, ಆ ನೆಲದ ಮೂಲನಿವಾಸಿಗಳಾದ ಮಾವೊರಿಗಳ ಪದ್ಧತಿಯ ಸ್ವಾಗತವದು. ದೊಡ್ಡ ಹುಡುಗರು ಎದೆ ತಟ್ಟಿ ಕಾಲು ಅಪ್ಪಳಿಸುವ ಹಕಾ ಕುಣಿದು ಸಭಾಂಗಣದ ನೆಲ ನಡುಗಿಸಿದರು. ಹೊಸಬರು ಒಬ್ಬೊಬ್ಬರಾಗಿ ಎದ್ದು ತಮ್ಮ ಬೆಟ್ಟ ಯಾವುದು, ಹೊಳೆ ಯಾವುದು ಎಂದು ಹೇಳಿ ಪರಿಚಯಿಸಿಕೊಳ್ಳಬೇಕು. ನಿಮ್ಮ ತಾಯ್ನುಡಿಯಲ್ಲೇ ಹೇಳಿ ಎಂದು ಹೆಡ್‌ಮಾಸ್ಟರರೇ ಒತ್ತಾಯಿಸಿದ್ದರು. ರಫೀಕ್ ಎದ್ದು, "ಕಪ್ಪತಗುಡ್ಡ ನಮ್ಮ ಗುಡ್ಡ, ತುಂಗಭದ್ರಾ ನಮ್ಮ ಹೊಳಿ" ಅಂದರು. ಆ ಸಭಾಂಗಣದಲ್ಲಿ ಕನ್ನಡ ಕೇಳಿ ನಾನು ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದೆ.

ಮಾರ್ಚ್ ಬರುವಷ್ಟರಲ್ಲಿ ಹೆಡ್‌ಮಾಸ್ಟರರು ನನ್ನನ್ನು ಕರೆಸಿದರು. ಮೂವರು ಪೋಷಕರು ದೂರು ತಂದಿದ್ದರಂತೆ: ಹೊಸ ಮೇಷ್ಟ್ರ ಉಚ್ಚಾರಣೆ ಮಕ್ಕಳಿಗೆ ತಿಳಿಯುವುದಿಲ್ಲ. ಅವರಿಂದ ಹದಿಮೂರನೇ ತರಗತಿಯನ್ನು, ಅಂದರೆ ಶಾಲೆಯ ಕೊನೆಯ ವರ್ಷದ ಫಿಸಿಕ್ಸನ್ನು, ತೆಗೆದು ಸಣ್ಣ ಹುಡುಗರ ಸಾಮಾನ್ಯ ವಿಜ್ಞಾನ ಕೊಡೋಣ, 'ನೆಲೆಯೂರುವವರೆಗೆ' ಎಂದರು ಹೆಡ್‌ಮಾಸ್ಟರರು. ನಾನು ಆ ತರಗತಿಯ ಹಿಂದಿನ ಬೆಂಚಿನಲ್ಲಿ ಎರಡು ಸಲ ಕೂತು ಬಂದವಳು. ಹುಡುಗರು ಪ್ರಶ್ನೆ ಕೇಳುತ್ತಿದ್ದರು, ಉತ್ತರ ತಿಳಿದು ಮುಂದಿನ ಪ್ರಶ್ನೆ ಕೇಳುತ್ತಿದ್ದರು. ತಿಳಿಯದ ಭಾಷೆಯಲ್ಲಿ ಹಾಗೆ ನಡೆಯುವುದಿಲ್ಲ. ಹಾಗೆಂದೆ. ಯಾರು ದೂರಿದವರು ಎಂದೂ ಕೇಳಿದೆ. ಮೂರೂ ನಮ್ಮ ದೇಶದ ಹೆಸರುಗಳು. ಮೊದಲನೆಯದು ಮಧುಸೂದನ್.

ನನಗೆ ಬಂದ ಸಿಟ್ಟನ್ನು ಹೇಗೆ ಹೇಳಲಿ? ಮಧು ಮೈಸೂರಿನವನು, ಸಾಫ್ಟ್‌ವೇರ್ ಕೆಲಸ. ನಾನೂ ಮೈಸೂರಿನವಳೆಂದು ಅಕ್ಕ ಎನ್ನುತ್ತಿದ್ದ. ಅವನ ಮನೆಯಲ್ಲಿ ಯುಗಾದಿಯ ಹೋಳಿಗೆ ತಿಂದಿದ್ದೆ. ಬಿಳಿಯರು ಯಾರಾದರೂ ಅಂದಿದ್ದರೆ ಎದುರಿಸುವ ದಾರಿ ನನಗೆ ಅಭ್ಯಾಸವಾಗಿತ್ತು, ಇದಕ್ಕೆ ತಯಾರಿರಲಿಲ್ಲ. ಶನಿವಾರ ಫೋನೂ ಮಾಡದೆ ಅವನ ಮನೆಗೆ ಹೋದೆ.

ಅವನು ಮುಚ್ಚುಮರೆ ಮಾಡಲಿಲ್ಲ. "ಅಕ್ಕಾ, ಇಷ್ಟೆಲ್ಲ ಒದ್ದಾಡಿ ಈ ಝೋನ್‌ಗೆ ಬಂದಿರೋದು ಗದಗಿನ ಇಂಗ್ಲಿಷ್ ಕೇಳ್ಸೋಕಾ?" ಎಂದ. ಸ್ವಾಗತದ ಅಸೆಂಬ್ಲಿಯಲ್ಲಿ ಆ ಮನುಷ್ಯ ಕನ್ನಡ ಮಾತಾಡಿದ್ದು ತನ್ನ ಮಗನಿಗೆ ಮುಜುಗರವಾಯಿತಂತೆ, ಅದನ್ನೂ ದೂರಿನಲ್ಲಿ ಸೇರಿಸಿದ್ದನಂತೆ. ಮಗನಿಗೆ ಪಾಠ ತಿಳಿಯುತ್ತಿಲ್ಲವೇ ಎಂದೆ. ತಿಳಿಯುತ್ತದೆ, ಪ್ರಶ್ನೆ ಅದಲ್ಲ ಎಂದ.

ಕಾಫಿ ತಂದಿದ್ದ ಅವನ ಹೆಂಡತಿ ವಿದ್ಯಾ ಅಲ್ಲೇ ನಿಂತಿದ್ದಳು. "ನಿಮ್ಮ ಇಂಗ್ಲಿಷ್‌ಗೆ ಆಫೀಸಲ್ಲಿ ನಕ್ಕಿದ್ದಕ್ಕೆ ವಾರವೆಲ್ಲ ಮನೇಲಿ ಮಾತೇ ಆಡಿರ್ಲಿಲ್ಲ ನೀವು," ಎಂದು ಗಂಡನಿಗೆ ಹೇಳಿದಳು.

"ಅದಕ್ಕೇ ಹೇಳ್ತಿರೋದು," ಎಂದ ಮಧು. "ನನಗಾದದ್ದು ನನ್ನ ಮಗನಿಗೆ ಆಗ್ಬಾರ್ದು."

ಆ ಮಾತಿನ ಹಿಂದಿದ್ದ ನೋವು ನನಗೆ ಕಾಣಲಿಲ್ಲವೆಂದಲ್ಲ. ಆದರೆ ತಾನು ತಿಂದ ಪೆಟ್ಟನ್ನು ಇನ್ನೊಬ್ಬನ ಬೆನ್ನಿಗೆ ದಾಟಿಸುವುದಕ್ಕೆ ನೋವು ಪರವಾನಗಿಯಲ್ಲ. ಅದನ್ನೇ ಹೇಳಿ, ಕಾಫಿ ಮುಟ್ಟದೆ ಎದ್ದು ಬಂದೆ.

ಸೋಮವಾರ ಹೆಡ್‌ಮಾಸ್ಟರರ ಕೋಣೆಗೆ ಹೋದೆ. ಜನವರಿಯಲ್ಲಿ ಶಾಲೆಯೆಲ್ಲ ಕೂತ ಸಭಾಂಗಣದಲ್ಲಿ ನಿನ್ನ ನುಡಿಯಲ್ಲೇ ಮಾತಾಡು ಎಂದು ಕೇಳಿಕೊಂಡವರು ನೀವು; ಮಾರ್ಚಿನಲ್ಲಿ ಆ ನುಡಿಯ ಛಾಯೆಗೇ ಶಿಕ್ಷೆ ಕೊಡುವವರೂ ನೀವೇ ಎಂದೆ. ತರಗತಿ ಬದಲಿಸುವುದಾದರೆ ಕಾರಣ 'ಉಚ್ಚಾರಣೆ' ಎಂದು ಬರೆದು ಸಹಿ ಹಾಕಿ ಕೊಡಿ, ಶಿಕ್ಷಕರ ಸಂಘಕ್ಕೂ ಆಡಳಿತ ಮಂಡಳಿಗೂ ನಾನೇ ಒಯ್ದು ಕೊಡುತ್ತೇನೆ ಎಂದೆ. ಅವರು ಕೆಟ್ಟವರಲ್ಲ, ಪೋಷಕರಿಗೆ ಹೆದರುವವರು. ಕೊನೆಗೆ ತರಗತಿ ಹಾಗೇ ಇರಲಿ ಎಂದರು.

ಗೆದ್ದೆನೆಂದುಕೊಂಡೆ. ಆದರೆ ಸ್ಟಾಫ್ ರೂಮಿನಲ್ಲಿ ಯಾವ ಮಾತು ನಿಲ್ಲುತ್ತದೆ? ಒಂದು ಮಧ್ಯಾಹ್ನ ರಫೀಕ್ ಲ್ಯಾಬಿಗೆ ಬಂದು, ದೂರು ಕೊಟ್ಟವರು ನಮ್ಮವರೇನು ಎಂದು ಕೇಳಿದರು. ಸುಳ್ಳು ಹೇಳಲಾಗಲಿಲ್ಲ, ಹೌದೆಂದೆ.

ಅವರು ತೊಳೆದಿಟ್ಟ ಬೀಕರುಗಳನ್ನು ಸುಮ್ಮನೆ ಸಾಲಾಗಿ ಜೋಡಿಸಿದರು. "ಹೊರಗಿನವ್ರು ಅಂದಿದ್ರ ತಡ್ಕೋತಿದ್ದೆ ಮೇಡಂ," ಎಂದರು. "ಇವ್ರು ನಾನು ಮಾತಾಡಿದ್ದು ತಿಳದ ಮ್ಯಾಲೂ ಬ್ಯಾಡ ಅಂದಾರ."

ಅಂದಿನಿಂದ ಅವರು ಶಾಲೆಯಲ್ಲಿ ನನ್ನೊಡನೆಯೂ ಇಂಗ್ಲಿಷನ್ನೇ ಆಡಿದರು. ಪಾಠದಲ್ಲಿ ಒಂದು ದಿನವೂ ಕೊರತೆ ಮಾಡಲಿಲ್ಲ. ವರ್ಷ ಮುಗಿದದ್ದೇ ದೂರದ ಪೊರಿರುವಾ ಎಂಬ ಊರಿನ ಒಂದು ಶಾಲೆಗೆ ಹೊರಟುಹೋದರು. ಬೀಳ್ಕೊಡುಗೆಯಲ್ಲಿ ಹುಡುಗರು ಮತ್ತೆ ಹಕಾ ಕುಣಿದರು. ಹೆಡ್‌ಮಾಸ್ಟರರು ಬಹಳ ಚೆನ್ನಾಗಿ ಮಾತಾಡಿದರು. ನಾನು ಚಪ್ಪಾಳೆ ತಟ್ಟಲಿಲ್ಲ.

ಸ್ವಾಗತ ಎಂಬುದು ಒಂದು ಬೆಳಗಿನ ಕಾರ್ಯಕ್ರಮವೆಂದು ನಾನೂ ಬಹುಕಾಲ ನಂಬಿದ್ದೆ. ಅಲ್ಲ. ಬಂದವನ ಮೇಲೆ ಮೊದಲ ದೂರು ಬಿದ್ದ ದಿನ ಅವನ ಪಕ್ಕದಲ್ಲಿ ಯಾರು ನಿಲ್ಲುತ್ತಾರೆ ಎಂಬುದರಲ್ಲಿ ಅದು ತೀರ್ಮಾನವಾಗುತ್ತದೆ. ಒಬ್ಬರು ನಿಂತರೆ ಸಾಲದು ಎಂಬುದನ್ನು ರಫೀಕ್ ಹೋದ ಮೇಲೆ ಕಲಿತೆ. ಮರುವರ್ಷ ವಿಭಾಗದವರೆಲ್ಲ ಒಪ್ಪಿ ಒಂದು ನಿಯಮ ಮಾಡಿದೆವು: ಶಿಕ್ಷಕರ ಉಚ್ಚಾರಣೆಯ ಬಗ್ಗೆ ದೂರುವವರು ಮೊದಲು ಬಂದು ಆ ತರಗತಿಯಲ್ಲಿ ಒಂದು ಪೂರ್ತಿ ಪೀರಿಯಡ್ ಕೂರಬೇಕು. ನಾನು ನಿವೃತ್ತಳಾಗುವವರೆಗೂ ದೂರುಗಳು ಬರುತ್ತಲೇ ಇದ್ದವು. ಕೂರಲು ಯಾರೂ ಬರಲಿಲ್ಲ.