ಒಂದೇ ಸಲ ಕರೆದ ಕಾಫಿ

ಭಾಷೆ ಕಲಿಯುವುದು ನನಗೇನೂ ದೊಡ್ಡ ವಿಷಯವಲ್ಲ ಎಂದು ಕೊಚ್ಚಿಕೊಂಡೇ ಜರ್ಮನಿಯ ವಿಮಾನ ಹತ್ತಿದ್ದೆ. ಚಿಂತಾಮಣಿಯಲ್ಲಿ ಬೆಳೆದವಳು ನಾನು. ಮನೆಯಲ್ಲಿ ಕನ್ನಡ, ತರಕಾರಿ ಮಾರ್ಕೆಟ್ಟಿನಲ್ಲಿ ತೆಲುಗು, ಹಿಂದಿನ ಬೀದಿಯಲ್ಲಿ ಉರ್ದು. ಯಾವುದನ್ನೂ ಕೂತು ಕಲಿಯಲಿಲ್ಲ. ಟೊಮೆಟೊ ಹಿಸುಕಿ ನೋಡಿ ಅಂಗಡಿಯವಳಿಂದ ಬೈಸಿಕೊಂಡೇ ತೆಲುಗು ಬಂದಿತ್ತು.

ಜರ್ಮನಿಯಲ್ಲಿ ಬೈಯುವವರೂ ಇರಲಿಲ್ಲ. ವೃದ್ಧರ ಆರೈಕೆ ಮನೆಯೊಂದರಲ್ಲಿ ನರ್ಸ್ ಕೆಲಸ. ಮಾತ್ರೆ, ನೋವು, ಎಡಗೈ, ಬಲಗೈ ಎಂದು ಕೆಲಸದ ಮಾತು ಹೇಗೋ ನಡೆಯುತ್ತಿತ್ತು. ಅದರಾಚೆಗೆ ನಾನು ಮೂಗಿ. ಊಟದ ಬಿಡುವಿನಲ್ಲಿ ಜೊತೆಯವರು ನಕ್ಕರೆ ಏನೂ ಅರ್ಥವಾಗದಿದ್ದರೂ ಸ್ವಲ್ಪ ತಡವಾಗಿ ನಾನೂ ನಗುತ್ತಿದ್ದೆ. ಅಂಗಡಿಯಲ್ಲಿ ಎಲ್ಲಕ್ಕೂ ಬೆಲೆ ಚೀಟಿ ಅಂಟಿಸಿರುತ್ತಾರೆ. ಚೌಕಾಸಿಯೂ ಇಲ್ಲ, ಮಾತೂ ಇಲ್ಲ. ರಜೆಯ ದಿನ ಸಂಜೆಯಾದರೂ ಬಾಯಿಂದ ಒಂದು ಮಾತು ಹೊರಟಿರುತ್ತಿರಲಿಲ್ಲ. ಯಾರಾದರೂ ಒಬ್ಬರು ಮನೆಯೊಳಗೆ ಕರೆದು, ಕೂರಿಸಿ, ಮಾತಾಡಿಸಲಿ ಎಂಬುದೊಂದೇ ಆಸೆ.

ನಾನಿದ್ದ ಕಟ್ಟಡದ ಕೆಳಗಿನ ಮನೆಯಲ್ಲಿ ಒಬ್ಬ ಅಜ್ಜಿ ಇದ್ದರು. ಒಂದು ದಿನ ಅವರ ಭಾರದ ಚೀಲವನ್ನು ಬಾಗಿಲವರೆಗೆ ಹೊತ್ತು ತಂದುಕೊಟ್ಟೆ. ಅವರು ಬಾಗಿಲು ತೆರೆದು ಕೇಳಿದರು: ಒಳಗೆ ಬಂದು ಕಾಫಿ ಕುಡಿಯುತ್ತೀಯಾ? ಕೆಲಸದ ಹೊರಗೆ, ಎರಡನೇ ಸಲ ಹೇಳಿಸಿಕೊಳ್ಳದೆ ನನಗೆ ಪೂರ್ತಿ ಅರ್ಥವಾದ ಮೊದಲ ಮಾತು ಅದು. ಕುಣಿಯುವಷ್ಟು ಸಂತೋಷವಾಯಿತು.

ನಾನು ಹೇಳಿದ್ದೇನು? "ಬೇಡ, ಬೇಡ." ಅದೂ ಅವರ ಭಾಷೆಯಲ್ಲೇ, ಒಂದು ತಪ್ಪಿಲ್ಲದೆ.

ನಮ್ಮಲ್ಲಿ ಕರೆದ ಕೂಡಲೇ ಯಾರಾದರೂ ಹೂಂ ಅನ್ನುತ್ತಾರೆಯೇ? ಮೊದಲ ಸಲ ಬೇಡ, ಎರಡನೇ ಸಲ ಈಗಷ್ಟೇ ಕುಡಿದು ಬಂದೆ, ಮೂರನೇ ಸಲ ಅವರು ಕೈ ಹಿಡಿದು ಎಳೆದ ಮೇಲೆ ಕೂರುವುದು. ನಾನು ಎರಡನೇ ಸಲಕ್ಕೆ ಕಾದು ನಿಂತೆ. ಅಜ್ಜಿ ನಕ್ಕು, ತಲೆಯಾಡಿಸಿ, ಬಾಗಿಲು ಹಾಕಿಕೊಂಡರು. ಮೇಲೆ ಹೋಗಿ ಅತ್ತುಬಿಟ್ಟೆ. ಅಂದು ಅನ್ನ ಮಾಡಿಕೊಳ್ಳಲೂ ಮನಸ್ಸಾಗಲಿಲ್ಲ.

ಆಮೇಲೆ "ಹೌದು, ಖಂಡಿತ ಬರುತ್ತೇನೆ" ಎನ್ನುವುದನ್ನು ಕನ್ನಡಿ ಮುಂದೆ ನಿಂತು ಬಾಯಿಪಾಠ ಮಾಡಿದೆ. ಅಜ್ಜಿ ಎದುರಾದಾಗಲೆಲ್ಲ ಶುಭದಿನ ಹೇಳಿ ಮುಂದೆ ಹೋಗುತ್ತಿದ್ದರು. ನಾನೇ ಹೋಗಿ ಬಾಗಿಲು ತಟ್ಟಬಹುದಿತ್ತು. ಆದರೆ ಕರೆಯದ ಮನೆಗೆ ಹೋಗುವುದನ್ನು ಅಮ್ಮ ಕಲಿಸಿರಲಿಲ್ಲ.

ಎರಡು ವರ್ಷದ ಮೇಲೆ ರಜೆಗೆ ಊರಿಗೆ ಬಂದೆ. ನನ್ನನ್ನು ಎತ್ತಿ ಆಡಿಸಿದ ಪಕ್ಕದ ಮನೆಯ ಅಕ್ಕ ಬಾಗಿಲಲ್ಲೇ ನಿಂತು ಕೇಳಿದರು. "ಬಾಮ್ಮಾ, ಕಾಫಿ ಕುಡೀತೀಯಾ?"

"ಹೂಂ, ಕೊಡಿ ಅಕ್ಕ," ಎಂದುಬಿಟ್ಟೆ.

ಒತ್ತಾಯ ಮಾಡಲು ಸಜ್ಜಾಗಿದ್ದ ಅಕ್ಕ ತಬ್ಬಿಬ್ಬಾದರು. ನನ್ನ ಮುಖವನ್ನೇ ನೋಡಿ, ಕೈ ಹಿಡಿದುಕೊಂಡರು. "ಅದೇನಮ್ಮಾ, ಕೇಳಿದ್ ತಕ್ಷಣ ಒಪ್ಕೊಂಡ್ಬಿಟ್ಟೆ? ಅಲ್ಲಿ ಯಾರೂ ಕರೆಯೋದೇ ಇಲ್ವಾ?"

"ಕರೀತಾರೆ ಅಕ್ಕ," ಎಂದೆ. "ಒಂದೇ ಸಲ."