ಎರಡು ಬೆರಳಿನ ಸಡಿಲ

ಹೊಲಿಗೆ ಅಂಗಡಿಯಲ್ಲಿ ಅವಳನ್ನು ಎಲ್ಲರೂ ಕತ್ತರಿಯಕ್ಕ ಎಂದೇ ಕರೆಯುತ್ತಿದ್ದರು. ಹನ್ನೊಂದು ವರ್ಷ ಕಟಿಂಗ್ ಟೇಬಲ್ಲಿನ ಮುಂದೆ ನಿಂತವಳು. ಹೊಲಿಗೆ ತಪ್ಪಿದರೆ ಬಿಚ್ಚಬಹುದು, ಕತ್ತರಿಸಿದ ಬಟ್ಟೆಯನ್ನು ಯಾವ ಪುಣ್ಯಾತ್ಮನೂ ಮತ್ತೆ ಕೂಡಿಸಲಾರ. ಹಾಗಾಗಿ ಆ ಟೇಬಲ್ಲಿನ ಹತ್ತಿರ ಸುಲಭಕ್ಕೆ ಯಾರನ್ನೂ ಬಿಡುತ್ತಿರಲಿಲ್ಲ. ಅಲ್ಲಿನ ಪದ್ಧತಿ ಹೀಗೆ: ಕುತ್ತಿಗೆಯ ಸುತ್ತಳತೆಗೆ ಟೇಪು, ಆಮೇಲೆ ಕಾಲರ್ ಬಿಗಿಯದಂತೆ ಎರಡು ಬೆರಳಿನ ಸಡಿಲ. ಎರಡು ಬೆರಳು ಜೋಡಿಸಿ ಬಟ್ಟೆಯ ಮೇಲೆ ಒತ್ತಿ, ಪಕ್ಕದಲ್ಲಿ ಸೀಮೆಸುಣ್ಣದ ಗೆರೆ ಎಳೆದರೆ ಮುಗಿಯಿತು. ಅವಳ ಗೆರೆ ಕೂದಲೆಳೆಯಷ್ಟೂ ಆಚೀಚೆ ಆಗುತ್ತಿರಲಿಲ್ಲ. ಆ ಬಗ್ಗೆ ಅವಳಿಗೆ ಸ್ವಲ್ಪ ಜಂಬವೂ ಇತ್ತು. ಇರಲಿ ಬಿಡಿ, ಯಾಕಿರಬಾರದು?

ಆ ಬೆರಳುಗಳಿಗೇ ಸಂಧಿವಾತ ಬಂದು ವಕ್ಕರಿಸಿತು. ವಯಸ್ಸಾದವರ ಮಂಡಿನೋವಲ್ಲ ಇದು, ಮೈಯನ್ನು ಕಾಯಬೇಕಾದ ಶಕ್ತಿಯೇ ಕೀಲುಗಳ ಮೇಲೆ ತಿರುಗಿಬೀಳುವ ರೋಗ ಎಂದರು ಡಾಕ್ಟರಮ್ಮ. ಜೋರು ಮಾತ್ರೆಗೆ ಹತೋಟಿಗೆ ಬಂತು. ಮಗು ಬೇಕು ಎಂದಾಗ ಆ ಮಾತ್ರೆಯನ್ನು ತಿಂಗಳುಗಟ್ಟಲೆ ಮೊದಲೇ ನಿಲ್ಲಿಸಿದರು. ನೋವು ಮರಳಿತು, ಅವಳು ಹಲ್ಲು ಕಚ್ಚಿಕೊಂಡು ಸಹಿಸಿದಳು. ಆದರೆ ಬಸುರಿಯಾಗಿ ನಾಲ್ಕನೇ ತಿಂಗಳಿಗೆ ಊತ ತಾನಾಗಿಯೇ ಇಳಿಯಿತು. ಏಳನೇ ತಿಂಗಳಲ್ಲಿ, ಹೊಟ್ಟೆ ಟೇಬಲ್ಲಿಗೆ ತಾಗುತ್ತಿದ್ದರೂ, ಎಂಟು ಪದರ ಬಟ್ಟೆಯನ್ನು ಬೆಣ್ಣೆಯ ಹಾಗೆ ಕತ್ತರಿಸುತ್ತಿದ್ದಳು.

"ನಿನ್ನ ಮಗು ಹೊಟ್ಟೆಯೊಳಗಿಂದಲೇ ವೈದ್ಯ ಮಾಡ್ತಿದೆ ಕಣೆ" ಎಂದು ಅತ್ತೆ ನಕ್ಕರು.

ಅವಳು ನಂಬಿಬಿಟ್ಟಳು. ರೋಗ ಹೋಯಿತು, ಪೀಡೆ ತೊಲಗಿತು ಎಂದುಕೊಂಡಳು.

ಹೆಣ್ಣು ಮಗು ಹುಟ್ಟಿತು. ಆರನೇ ವಾರಕ್ಕೆ ಬೆರಳ ಗಿಣ್ಣುಗಳು ಮತ್ತೆ ಬಿಸಿಯಾದವು. ಹಾಲೂಡಿಸುವವರಿಗೆ ಕೊಡಬಹುದಾದ ಸೌಮ್ಯ ಮಾತ್ರೆ ಸಿಕ್ಕಿತು, ಉಪಯೋಗ ಅಷ್ಟಕ್ಕಷ್ಟೇ. ಮೂರು ತಿಂಗಳಾದ ಮೇಲೆ ಕೆಲಸಕ್ಕೆ ಹೋದಾಗ ಅಂಗಡಿಯಲ್ಲಿ ತುಟಿ ಪಿಟಕ್ಕೆನ್ನಲಿಲ್ಲ. ಹೇಳಿದರೆ ಟೇಬಲ್ ಕೈತಪ್ಪುತ್ತದೆ ಎಂಬ ಹೆದರಿಕೆ. ಕತ್ತರಿ ಮುಚ್ಚುವಾಗಲೆಲ್ಲ ಜೀವ ಬಾಯಿಗೆ ಬರುತ್ತಿತ್ತು, ಆದರೂ ನಲವತ್ತು ಕಾವಲುಗಾರರ ಅಂಗಿಗಳನ್ನು ಕತ್ತರಿಸಿ ಮುಗಿಸಿದಳು.

ನಲವತ್ತೂ ವಾಪಸು ಬಂದವು. ಕಾಲರುಗಳು ಕುತ್ತಿಗೆಗೆ ನಿಲ್ಲದೆ ಜೋತುಬಿದ್ದಿದ್ದವು.

"ಅಕ್ಕಾ, ಎರಡು ಬೆರಳು ಇಡಿ ನೋಡೋಣ" ಎಂದರು ಯಜಮಾನರು.

ಇಟ್ಟಳು. ಅವರು ಪಕ್ಕದಲ್ಲಿ ಟೇಪು ಹಿಡಿದರು. ಮಾಮೂಲಿಗಿಂತ ಹೆಚ್ಚುಕಡಿಮೆ ಅರ್ಧ ಇಂಚು ಜಾಸ್ತಿ.

ಊದಿದ್ದು ಅವಳಿಗೆ ಕಂಡಿರಲಿಲ್ಲವೇ? ಕಂಡಿತ್ತು. ಉಂಗುರ ಬಿಗಿಯಾಗಿ, ಸೋಪು ಹಚ್ಚಿ ತೆಗೆದಿದ್ದಳು. ಆದರೆ ಬೆರಳು ದಪ್ಪವಾದರೆ ಅಳತೆಯೂ ದಪ್ಪವಾಗುತ್ತದೆ ಎನ್ನುವುದು, ಅಯ್ಯೋ, ಹನ್ನೊಂದು ವರ್ಷ ಆ ಬೆರಳನ್ನೇ ನಂಬಿದವಳಿಗೆ ಹೊಳೆಯಲೇ ಇಲ್ಲ. ನಾಚಿಕೆಯಿಂದ ನೆಲ ನೋಡುತ್ತ ನಿಂತಳು.

ಯಜಮಾನರು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. "ಕೈ ಸರಿಯಾಗಲಿ, ಟೇಬಲ್ ನಿಮ್ಮದೇ. ಆದ್ರೆ ಎಷ್ಟು ದಿನ ಅಂತ ಡಾಕ್ಟರ ಹತ್ರ ಕೇಳ್ಕೊಂಡು ಬನ್ನಿ. ನಾನೂ ಎಷ್ಟು ಅಂತ ಕಾಯ್ಲಿ?"

ಡಾಕ್ಟರಮ್ಮ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. "ನೋಡಿ, ಎರಡು ಮೂಳೆ ಮಧ್ಯೆ ಮೆತ್ತನೆ ಪದರ ಇರುತ್ತಲ್ಲ, ಅದು ಸವೀತಾ ಇದೆ. ಒಮ್ಮೆ ಸವೆದರೆ ಮತ್ತೆ ಮೊದಲಿನ ಹಾಗೆ ಆಗಲ್ಲ. ಜೋರು ಮಾತ್ರೆ ಶುರು ಮಾಡ್ಲೇಬೇಕು. ಆದ್ರೆ ಅದನ್ನ ತಗೊಳ್ಳುವಾಗ ಎದೆಹಾಲು ಕೊಡೋ ಹಾಗಿಲ್ಲ."

"ಬಸುರಿಲಿ ಎಲ್ಲಾ ಹೋಗಿತ್ತಲ್ಲ ಮೇಡಂ?"

"ಹೋಗಿರಲಿಲ್ಲ, ಸುಮ್ಮನಿತ್ತು. ಆಗ ಮೈಯಲ್ಲಿ ಹಾರ್ಮೋನುಗಳು ಏರಿರ್ತವೆ. ಮಗುನ ಉಳಿಸ್ಕೊಳ್ಳೋಕೆ ಅಂತ ಒಳಗಿನ ಜಗಳಾನೂ ತಣ್ಣಗಾಗುತ್ತೆ. ತುಂಬಾ ಜನರಿಗೆ ಹೀಗಾಗುತ್ತೆ. ಹೆರಿಗೆ ಆದ ಕೂಡ್ಲೇ ಹಾರ್ಮೋನು ಇಳೀತವೆ, ಜಗಳ ಮತ್ತೆ ಶುರು."

ಅವಳು ಸೆರಗಿನ ಅಂಚನ್ನು ಹಿಂಡಿದಳು. ಮೂರು ದಿನದಿಂದ ಮನಸ್ಸಿನಲ್ಲೇ ಇಟ್ಟುಕೊಂಡದ್ದನ್ನು ಕೇಳಿಯೇಬಿಟ್ಟಳು. "ಹಂಗಾದ್ರೆ... ಇನ್ನೊಂದು ಮಗು ಆದ್ರೆ?"

ಡಾಕ್ಟರಮ್ಮ ನಗಲಿಲ್ಲ. "ಆಗ ಕಡಿಮೆ ಆದ್ರೂ ಆಗಬಹುದು, ಖಾತ್ರಿ ಏನಿಲ್ಲ. ಆಮೇಲೆ ಇಬ್ಬರು ಮಕ್ಕಳು, ಇದೇ ಕೈ. ಇನ್ನೊಂದು ಮಾತು, ಈ ಮಾತ್ರೆ ನಡೀತಿರುವಾಗ ಬಸುರಿ ಆಗಲೇಬಾರದು. ಕೂಸಿಗೆ ಅಪಾಯ."

ಮಾತ್ರೆಯ ಗುಣ ಕಾಣೋಕೆ ಎರಡು ಮೂರು ತಿಂಗಳು ಬೇಕಂತೆ. ಟೇಬಲ್ ಅಲ್ಲಿಯವರೆಗೆ ಕಾಯುತ್ತದೋ ಇಲ್ಲವೋ, ಯಾರಿಗೆ ಗೊತ್ತು? ಕಾಯದಿದ್ದರೂ ಮಾತ್ರೆ ನುಂಗಲೇಬೇಕು, ಇಲ್ಲದಿದ್ದರೆ ಮುಂದೆ ಮಗಳ ತಲೆ ಬಾಚಲೂ ಕೈ ಇರುವುದಿಲ್ಲ. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದೇ ಅವಳಿಗೆ ತಿಳಿಯಲಿಲ್ಲ. ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಬಿಕ್ಕಿ ಬಿಕ್ಕಿ ಅತ್ತಳು.

ಮನೆಯಲ್ಲಿ ಅತ್ತೆಗೆ ಎಲ್ಲವನ್ನೂ ಹೇಳಿದಳು. ಅತ್ತೆ ಎದ್ದು ತೊಟ್ಟಿಲಿನ ಹತ್ತಿರ ಹೋದರು. ಆಮೇಲೆ, "ನಾಳೆಯಿಂದ ತಾನೇ ಮಾತ್ರೆ? ಇವತ್ತು ಕುಡೀಲಿ" ಎಂದು ಮಗುವನ್ನು ಎತ್ತಿ ತಂದು ಅವಳ ತೊಡೆಯ ಮೇಲೆ ಮಲಗಿಸಿದರು.

ಅವಳು ಕುಪ್ಪಸದ ಹುಕ್ಕಿಗೆ ಕೈ ಹಾಕಿದಳು. ಬೆರಳು ಮಡಚಲಿಲ್ಲ. ಮತ್ತೆ ಪ್ರಯತ್ನಿಸಿದಳು. ಮಗು ಹಾಲಿನ ವಾಸನೆಗೆ ಮುಖ ಉಜ್ಜುತ್ತ ರಚ್ಚೆ ಹಿಡಿಯಿತು. ಅತ್ತೆ ಬಗ್ಗಿ ಒಂದೊಂದಾಗಿ ಹುಕ್ಕು ಬಿಚ್ಚಿಕೊಟ್ಟರು, ಮಗುವನ್ನು ಎದೆಗೆ ಹಚ್ಚಿದರು, ತಲೆಯ ಕೆಳಗೆ ದಿಂಬು ಒತ್ತಿದರು. ಅವಳು ಸುಮ್ಮನೆ ಕೂತಿದ್ದಳು. ಮಗು ಗುಟುಕು ಗುಟುಕಾಗಿ ಕುಡಿಯಿತು, ಅಮ್ಮನ ಮುಖವನ್ನೇ ನೋಡುತ್ತಿತ್ತು.

ಬಹಳ ಹೊತ್ತಾದ ಮೇಲೆ ಅತ್ತೆ ಕೈ ಚಾಚಿದರು. "ಕೊಡು, ತೊಟ್ಟಿಲಿಗೆ ಹಾಕ್ತೀನಿ."

"ಇರಿ ಅತ್ತೆ, ಇನ್ನೂ ಕುಡೀತಿದ್ದಾಳೆ" ಎಂದಳು.

ಮಗು ಆಗಲೇ ನಿದ್ದೆಹೋಗಿತ್ತು. ಅತ್ತೆಗೂ ಅದು ಕಾಣುತ್ತಿತ್ತು. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಅವಳ ಪಕ್ಕದಲ್ಲೇ ನೆಲದ ಮೇಲೆ ಕೂತರು.