ಬಿಸಿಲಿಗಿಟ್ಟ ಒಂದು ಕಾಲು

ನಮ್ಮ ಅತ್ತಿಗೆ ಸರ್ವಮಂಗಳ ಪುಕ್ಕಲಿ ಎಂದು ಶನಿವಾರಸಂತೆ ಕಡೆಯ ನೆಂಟರೆಲ್ಲ ಆಡಿಕೊಳ್ಳುತ್ತಿದ್ದರು. ಆ ಮಾತು ಕೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಅವಳಿಗೆ ಹೆದರಿಕೆ ಹತ್ತಿಸಿದವರು ನಾವೇ, ನಾನು ಮತ್ತು ನಮ್ಮವ್ವ ಚನ್ನಬಸಮ್ಮ.

ಅವಳು ನಮ್ಮ ಸೋದರಮಾವನ ಮಗಳು. ಹೊರಗಿನ ಹೆಣ್ಣು ಯಾಕೆಂದು ಅಣ್ಣ ಕಲ್ಲೇಶಪ್ಪನಿಗೆ ಅವಳನ್ನೇ ತಂದುಕೊಂಡೆವು. ಮೊದಲ ಮಗಳು ಚಿನ್ನಿ ಹುಟ್ಟಿದಾಗ ಎಲ್ಲರ ಮನೆಯಂತೆ ಹರಳೆಣ್ಣೆ ತಿಕ್ಕಿ ಅಂಗಳದ ಎಳೆಬಿಸಿಲಿಗೆ ಮಲಗಿಸಿದೆವು. ಎಣ್ಣೆ ಬೆಚ್ಚಗೆ ಮಾಡಿದವಳು ನಾನು. ಮೂರನೆಯ ದಿನ ಕೂಸಿನ ತೊಡೆ ಕೆಂಪಗೆ ಊದಿ ಗುಳ್ಳೆ ಎದ್ದವು. “ಹಸಿಮೈ ಕಣೆ, ಬಿಸಿಲು ಸಾಲ್ದು” ಎಂದಳು ಅವ್ವ. ಕೂಸನ್ನು ಬಿಸಿಲಿಗೆ ಇನ್ನಷ್ಟು ಕಾಯಿಸಿದೆವು. ಕೂಸು ಕಿರುಚುತ್ತಿದ್ದರೂ ಬಿಡಲಿಲ್ಲ, ಅಷ್ಟು ಜಾಣರು ನಾವು.

ನಾಲ್ಕು ವರ್ಷ ತುಂಬುವಷ್ಟರಲ್ಲಿ ಚಿನ್ನಿಯ ಮುಖದ ಮೇಲೆ ಎಳ್ಳು ಚೆಲ್ಲಿದಂತೆ ಕಪ್ಪು ಚುಕ್ಕೆಗಳು, ಮೂಗಿನ ಮೇಲೊಂದು ಗಂಟು. ಎಪ್ಪತ್ತೊಂದನೇ ಇಸವಿಯಲ್ಲಿ ಅತ್ತಿಗೆ ಮತ್ತು ನಾನು ಅವಳನ್ನು ಮೈಸೂರಿನ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅತ್ತಿಗೆಗೆ ಆಗ ಏಳು ತಿಂಗಳು.

“ನಾಟಿ ಮಾಡಿದ್ದೀರೇನಮ್ಮ? ಸಸಿ ಸತ್ತ ಕಡೆ ಏನ್ಮಾಡ್ತೀರಿ?” ಎಂದು ಡಾಕ್ಟರು ಕೇಳಿದರು.

“ಕಿತ್ತಾಕಿ ಬೇರೆ ಇಡ್ತೀವಿ” ಎಂದೆ ನಾನು.

“ಮೈಯೊಳಗೂ ಹಾಗೇ. ಬಿಸಿಲು ಬಿದ್ದರೆ ಎಲ್ಲರ ಜೀವಕೋಶದಲ್ಲೂ ಡಿಎನ್‌ಎ ಅಲ್ಲಲ್ಲಿ ಕೆಡ್ತದೆ. ಅದು ಜೋಡಿ ಎಳೆ. ಕೆಟ್ಟ ಚೂರನ್ನು ಕತ್ತರಿಸಿ, ಎದುರಿನ ಎಳೆ ನೋಡಿಕೊಂಡು ಸರಿಯಾದ್ದನ್ನು ತುಂಬುವವರು ನಮ್ಮೊಳಗೇ ಇದ್ದಾರೆ. ನಿಮ್ಮ ಮಗುವಿಗೆ ಆ ಕೆಲಸದವರಿಲ್ಲ. ಒಂದು ಕೋಶ ಎರಡಾಗುವಾಗ ಎಳೆಯೆಲ್ಲ ನಕಲಾಗ್ತದೆ, ಜೊತೆಗೆ ತಪ್ಪೂ ನಕಲಾಗ್ತದೆ. ತಪ್ಪು ಸೇರಿ ಸೇರಿ ಈ ಗಂಟು. ಇದು ವಿಜ್ಞಾನಿಗಳಿಗೆ ಗೊತ್ತಾಗಿಯೇ ಮೂರು ವರ್ಷ ಆಯಿತು ಅಷ್ಟೆ.”

ಗಂಟನ್ನು ಕೊಯ್ದು ತೆಗೆಯಬೇಕು, ಇನ್ನು ಬಿಸಿಲು ಸೋಕಿಸಲೇಬಾರದು, ಬೇರೆ ಔಷಧಿ ಇಲ್ಲ ಎಂದರು. ಅತ್ತಿಗೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೇಳಿದಳು, “ಇದಕ್ಕೆ?”

“ಗಂಡ ಹೆಂಡತಿ ಇಬ್ಬರಲ್ಲೂ ಆ ಕೆಲಸಕ್ಕೆ ಬೇಕಾದ ಜೀನಿನ ಒಂದೊಂದು ಕೆಟ್ಟ ಪ್ರತಿ ಇದೆ. ಎರಡೂ ಸೇರಿದ ಮಗುವಿಗೆ ಬರ್ತದೆ. ನಾಲ್ಕಕ್ಕೆ ಒಂದು ಅನ್ನಿ. ಇಲ್ಲಿ ಅದಕ್ಕೆ ಪರೀಕ್ಷೆ ಇಲ್ಲಮ್ಮ.”

ಊರಿಗೆ ಬಂದು ಹೇಳಿದಾಗ ಅವ್ವ ಎಣ್ಣೆ ಬಟ್ಟಲನ್ನು ಅಟ್ಟಕ್ಕೆ ಎಸೆದಳು. ಊರ ಕೂಸುಗಳಿಗೆಲ್ಲ ಎಣ್ಣೆನೀರು ಹಾಕುತ್ತಿದ್ದವಳು ಮತ್ತೆ ಯಾರ ಕೂಸನ್ನೂ ಮುಟ್ಟಲಿಲ್ಲ.

ಎರಡನೆಯದೂ ಹೆಣ್ಣೇ. ಒಳಕೋಣೆಯ ಕಿಟಕಿಗೆ ಗೋಣಿಚೀಲ ಹೊಡೆದು, ತಾಯಿ, ಮಗು, ಚಿನ್ನಿ ಮೂವರೂ ಕತ್ತಲಲ್ಲಿ ಕೂತರು. ಹೆಂಚಿನ ಸಂದಿನಿಂದ ಬೆಳಕು ಬಿದ್ದರೂ ಅತ್ತಿಗೆ ಮಗುವನ್ನು ಎತ್ತಿಕೊಂಡು ಜಾಗ ಬದಲಿಸುತ್ತಿದ್ದಳು. ಅನ್ನ ಸೇರದು, ನಿದ್ದೆ ಬಾರದು. “ಚೆನ್ನಾಗಿರೋ ಮಗೂನ ನಾನೇ ಕತ್ತಲಲ್ಲಿ ಕೊಳೆ ಹಾಕ್ತಿದೀನೋ ಏನೋ ಶಕುಂತಲ” ಎಂದು ನನ್ನ ಕೈ ಹಿಡಿದು ಅಳುತ್ತಿದ್ದಳು.

ಮೂರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ನೋಡುತ್ತೇನೆ, ಅತ್ತಿಗೆ ಹೊಸ್ತಿಲ ಮೇಲೆ ಕೂತಿದ್ದಾಳೆ. ಮಗುವಿಗೆ ತಲೆಯಿಂದ ಪಾದದವರೆಗೆ ಕಂಬಳಿ ಸುತ್ತಿ, ಬಲಗಾಲು ಒಂದನ್ನು ಮಾತ್ರ ಅಂಗಳದ ಬಿಸಿಲಿಗೆ ಚಾಚಿದ್ದಾಳೆ.

“ತಲೆ ಕೆಟ್ಟಿದೆಯಾ ನಿಂಗೆ!” ಎಂದು ಕೂಗಿಕೊಂಡೆ.

“ಸುಟ್ರೆ ಒಂದು ಕಾಲು ಸುಡ್ಲಿ. ಗೊತ್ತಿಲ್ದೆ ಬದುಕಕ್ಕಾಗಲ್ಲ” ಎಂದಳು. ಚಾಚಿದ ಕಾಲನ್ನು ಹಿಂದಕ್ಕೆ ತೆಗೆಯಲಿಲ್ಲ. ಇವಳನ್ನೇ ನೆಂಟರು ಪುಕ್ಕಲಿ ಅಂದದ್ದು.

ಮೂರು ದಿನ ನಮ್ಮ ಮನೆಯಲ್ಲಿ ಗಳಿಗೆಗೊಮ್ಮೆ ಒಬ್ಬರಲ್ಲ ಒಬ್ಬರು ದೀಪ ಹಿಡಿದು ಆ ಕಾಲನ್ನು ನೋಡುವುದು, ಎಡಗಾಲಿನ ಪಕ್ಕಕ್ಕಿಟ್ಟು ನೋಡುವುದು. ನಾಲ್ಕನೆಯ ಬೆಳಿಗ್ಗೆಯೂ ಎರಡು ಕಾಲೂ ಒಂದೇ ಬಣ್ಣ. ಅವ್ವ ಗೋಡೆಗೆ ತಲೆಯಾನಿಸಿ ಜೋರಾಗಿ ಅತ್ತಳು. ಅತ್ತಿಗೆ ಮಗುವನ್ನು ಎದೆಗೊತ್ತಿಕೊಂಡು ನಗುತ್ತ ಅಂಗಳಕ್ಕೆ ಓಡಿದಳು. ಅವಳು ನಕ್ಕದ್ದನ್ನು ನೋಡಿ ವರ್ಷವಾಗಿತ್ತು.

ನಾವೆಲ್ಲ ಹಿಂದೆಯೇ ಹೋದೆವು. ಯಾರಿಗೂ ಚಿನ್ನಿಯ ನೆನಪಿರಲಿಲ್ಲ. ತಿರುಗಿ ನೋಡಿದರೆ ಅವಳು ಹೊಸ್ತಿಲ ಮೇಲೆ ಕೂತು, ಲಂಗ ಮೊಣಕಾಲಿಗೆ ಎತ್ತಿ, ತನ್ನ ಬಲಗಾಲನ್ನು ಬಿಸಿಲಿಗೆ ಚಾಚಿದ್ದಳು.

“ಅವ್ವಾ, ಈಗ ನಂದು ನೋಡು.”